ಗೊತ್ತಿದ್ದೇ ಹೋಗಿದ್ದಾ?

ರಜೆಗೆ ಊರಿಗೆ ಬಂದಾಗ ಯಾರಾದರೂ ಕೆಲಸದ ಬಗ್ಗೆ ಕೇಳುತ್ತಾರೆ. ಥಾಯ್ಲೆಂಡ್‌ನಲ್ಲಿದ್ದೇನೆ, ಮಾನವ ಕಳ್ಳಸಾಗಣೆ ವಿರುದ್ಧ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಅನ್ನುತ್ತೇನೆ. ಕೇಳಿದವರ ಮುಖದಲ್ಲಿ ತಕ್ಷಣ ಮರುಕ ಕಾಣುತ್ತದೆ. "ಅಯ್ಯೋ ಪಾಪ, ಆ ಹೆಣ್ಣುಮಕ್ಕಳು" ಅನ್ನುತ್ತಾರೆ. ಹೆಣ್ಣುಮಕ್ಕಳೂ ಇದ್ದಾರೆ, ಆದರೆ ನಮ್ಮ ಬಳಿ ಬರುವ ಭಾರತೀಯರಲ್ಲಿ ಹುಡುಗರೇ ಜಾಸ್ತಿ ಅಂತ ಹೇಳುತ್ತೇನೆ. ಬಿಕಾಂ, ಬಿಸಿಎ, ಡಿಪ್ಲೊಮಾ ಮಾಡಿದವರು. ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆನ್‌ಲೈನ್‌ನಲ್ಲಿ ಜನರಿಗೆ ಮೋಸ ಮಾಡಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರ ಮರುಕ ಅರ್ಧ ಇಳಿದಿರುತ್ತದೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. "ಗೊತ್ತಿದ್ದೇ ಹೋಗಿದ್ರಾ?"

ಮದುವೆ ಮನೆಯಲ್ಲಿ ಕೇಳಿದ್ದಾರೆ, ಬ್ಯಾಂಕಿನಲ್ಲಿ ಕೇಳಿದ್ದಾರೆ, ನನ್ನ ಸ್ವಂತ ಚಿಕ್ಕಪ್ಪ ಕೇಳಿದ್ದಾರೆ. ಇಲ್ಲಿನ ಅಧಿಕಾರಿಗಳು ಕೇಳುತ್ತಾರೆ. ವಾಪಸ್ ಹೋದ ಹುಡುಗರನ್ನು ಅಲ್ಲಿನ ಪೊಲೀಸರು ಕೇಳುತ್ತಾರೆ. ಎಷ್ಟೋ ಸಲ ಹೆತ್ತ ಅಪ್ಪನೇ ಫೋನಿನಲ್ಲಿ ಮೊದಲು ಕೇಳುವುದು ಇದನ್ನೇ. ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಈ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬಂದು ಕೂತರೆ ಉಳಿದ ಯಾವ ಪ್ರಶ್ನೆಗೂ ಜಾಗ ಇರುವುದಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರುವ ಹುಡುಗನ ಒಪ್ಪಿಗೆ ಪಡೆದು ಬರೆದಿದ್ದೇನೆ. ಅವನ ಹೆಸರು, ಊರು, ಗುರುತು ಸಿಗುವ ಯಾವ ವಿವರವೂ ಇಲ್ಲಿಲ್ಲ.

ನದಿಯ ಈ ಕಡೆ

ನಾನಿರುವ ಊರು ಮೇ ಸೋಟ್. ಬ್ಯಾಂಕಾಕ್‌ನಲ್ಲಿ ರಾತ್ರಿ ಬಸ್ ಹತ್ತಿದರೆ ಟಾಕ್ ಪ್ರಾಂತ್ಯದ ಬೆಟ್ಟಗಳನ್ನು ಹತ್ತಿಳಿದು ಬೆಳಗಿನ ಜಾವ ಇಲ್ಲಿಗೆ ತಲುಪುತ್ತದೆ. ಊರಿನ ಅಂಚಿಗೆ ಮೊಯಿ ನದಿ. ಆಚೆ ದಡ ಮ್ಯಾನ್ಮಾರ್, ಅಲ್ಲಿನ ಊರು ಮ್ಯಾವಡಿ. 1997ರಲ್ಲಿ ತೆರೆದ ಸೇತುವೆಯೊಂದು ಎರಡನ್ನೂ ಕೂಡಿಸುತ್ತದೆ. ನದಿ ಅಂದರೆ ಕಾವೇರಿ, ಕೃಷ್ಣೆಯಷ್ಟು ಅಗಲ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಎಷ್ಟೋ ಕಡೆ ಪ್ಯಾಂಟ್ ಮಡಚಿಕೊಂಡು ದಾಟಬಹುದು. ಸಂತೆಯಲ್ಲಿ ಥಾಯ್‌ಗಿಂತ ಬರ್ಮೀಸ್ ಮಾತೇ ಜಾಸ್ತಿ ಕೇಳುತ್ತದೆ. ಕೆನ್ನೆಗೆ ಥಾನಕಾ ಎಂಬ ಮರದ ತೊಗಟೆಯ ಲೇಪ ಹಚ್ಚಿಕೊಂಡ ಹೆಂಗಸರು ಒಣಮೀನು, ಸೊಪ್ಪು ಮಾರುತ್ತಾರೆ. ಗಡಿ ದಾಟಿ ಬಂದವರನ್ನು ಈ ಊರು ಬಹಳ ಕಾಲದಿಂದ ನೋಡಿದೆ. ಡಾ. ಸಿಂಥಿಯಾ ಮಾಂಗ್ 1989ರಲ್ಲಿ ಶುರು ಮಾಡಿದ ಮೇ ತಾವೊ ಕ್ಲಿನಿಕ್ ಇಲ್ಲೇ ಇದೆ. ಆಚೆ ದಡದಿಂದ ಓಡಿಬಂದವರಿಗೆ ಅಲ್ಲಿ ಇವತ್ತಿಗೂ ಚಿಕಿತ್ಸೆ ಸಿಗುತ್ತದೆ.

ಈಚೆ ದಡದಲ್ಲಿ ನಿಂತರೆ ಆಚೆ ಕಟ್ಟಡಗಳು ಬರಿಗಣ್ಣಿಗೇ ಕಾಣುತ್ತವೆ. ಕೆಕೆ ಪಾರ್ಕ್, ಶ್ವೆ ಕೊಕ್ಕೊ ಎಂಬ ಹೆಸರುಗಳನ್ನು ನೀವು ಸುದ್ದಿಯಲ್ಲಿ ಕೇಳಿರುತ್ತೀರಿ. ಆ ಆನ್‌ಲೈನ್ ಮೋಸ ನಡೆಯುವುದು ಇಂಥ ಜಾಗಗಳಲ್ಲೇ. ಹಾಸ್ಟೆಲ್‌ನಂಥ ಉದ್ದುದ್ದ ಕಟ್ಟಡಗಳು, ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಇವು ಇನ್ನೂ ಬೆಳೆದವು. ಆ ಗಡಿಯಲ್ಲಿ ಅಧಿಕಾರ ನಡೆಯುವುದು ಬಂದೂಕು ಹಿಡಿದ ಸ್ಥಳೀಯ ಪಡೆಗಳದು. ಕಟ್ಟಡ ನಡೆಸುವವರು ಬಹುತೇಕ ಚೀನೀ ಗುಂಪುಗಳು. ಜಾಗ ಮತ್ತು ಕಾವಲು ಒಬ್ಬರದು, ದಂಧೆ ಇನ್ನೊಬ್ಬರದು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನರನ್ನು, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಹೀಗೆ ಬಲವಂತವಾಗಿ ಮೋಸದ ಕೆಲಸಕ್ಕೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿತ್ತು.

ನಮ್ಮ ಕೆಲಸದಲ್ಲಿ ಬಾಗಿಲು ಒಡೆದು ನುಗ್ಗುವುದು ಯಾವುದೂ ಇಲ್ಲ. ನಾವು ನದಿ ದಾಟುವುದಿಲ್ಲ, ದಾಟಲೂಬಾರದು. ಬಹಳಷ್ಟು ಕೆಲಸ ನಡೆಯುವುದು ಫೋನಿನಲ್ಲಿ. ಒಳಗಿದ್ದವರು ಹೇಗೋ ಒಂದು ಫೋನ್ ಸಂಪಾದಿಸಿ ಸಂದೇಶ ಕಳಿಸುತ್ತಾರೆ. ಪಾಸ್‌ಪೋರ್ಟ್ ಫೋಟೊ, ಲೊಕೇಶನ್, ಕಿಟಕಿಯಿಂದ ಕಾಣುವ ಕಟ್ಟಡದ ಚಿತ್ರ ಕೇಳುತ್ತೇವೆ. ಕಳಿಸಿದ ತಕ್ಷಣ ಎಲ್ಲ ಅಳಿಸು ಅನ್ನುತ್ತೇವೆ, ಯಾಕೆಂದರೆ ಅಲ್ಲಿ ಫೋನ್ ತಪಾಸಣೆ ನಡೆಯುತ್ತದೆ. ಆ ವಿವರವನ್ನು ರಾಯಭಾರ ಕಚೇರಿಗೆ, ಇಲ್ಲಿನ ಪೊಲೀಸರಿಗೆ ಮುಟ್ಟಿಸುತ್ತೇವೆ. ಹೊರಗೆ ಬಂದವರಿಗೆ ಬಟ್ಟೆ, ಊಟ, ಸಿಮ್ ಕಾರ್ಡ್ ಕೊಡಿಸುತ್ತೇವೆ. ವಿಚಾರಣೆ ನಡೆಯುವಾಗ ಪಕ್ಕದಲ್ಲಿ ಕೂರುತ್ತೇವೆ. ನನಗೆ ಕನ್ನಡ, ಹಿಂದಿ, ತಮಿಳು ಬರುವುದರಿಂದ ಕೂರುವ ಕೆಲಸ ಜಾಸ್ತಿ ನನ್ನ ಪಾಲಿಗೇ ಬರುತ್ತದೆ.

ಟೈಪಿಂಗ್ ಪರೀಕ್ಷೆ

ಹೇಗೆ ಬಂದೆ ಅಂತ ಕೇಳಿದರೆ ಎಲ್ಲರೂ ಹೇಳುವ ಕಥೆ ಸುಮಾರು ಒಂದೇ. ಟೆಲಿಗ್ರಾಂನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಂದು ಜಾಹೀರಾತು ಇರುತ್ತದೆ. ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಡಿಜಿಟಲ್ ಮಾರ್ಕೆಟಿಂಗ್. ಊಟ, ವಸತಿ ಕಂಪನಿಯದು. ಪರಿಚಯದವರೊಬ್ಬರು "ನಮ್ಮ ಹುಡುಗ ಅಲ್ಲೇ ಇದಾನೆ" ಅಂತ ಭರವಸೆ ಕೊಡುತ್ತಾರೆ. ವಿಡಿಯೊ ಕಾಲ್‌ನಲ್ಲಿ ಸಂದರ್ಶನ ಆಗುತ್ತದೆ, ಇಂಗ್ಲಿಷ್ ಮಾತಾಡಿಸುತ್ತಾರೆ. ಟೈಪಿಂಗ್ ಪರೀಕ್ಷೆಯೂ ಇರುತ್ತದೆ. ಈ ಪರೀಕ್ಷೆಯೇ ಹುಡುಗರನ್ನು ಹೆಚ್ಚು ನಂಬಿಸುವುದು. ಮೋಸ ಮಾಡುವವರು ಯಾಕಾದರೂ ಪರೀಕ್ಷೆ ಮಾಡುತ್ತಾರೆ, ಅಲ್ವಾ? ಬೆಂಗಳೂರಿನಲ್ಲಿ ಹತ್ತು ಕಡೆ ಇಂಟರ್‌ವ್ಯೂ ಕೊಟ್ಟು "ಆಮೇಲೆ ತಿಳಿಸ್ತೀವಿ" ಅನ್ನಿಸಿಕೊಂಡು ಬಂದ ಹುಡುಗನಿಗೆ ಮೊದಲ ಬಾರಿ ಯಾರೋ "ನೀನು ಪಾಸ್" ಅಂದಿರುತ್ತಾರೆ.

2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಥಾಯ್ಲೆಂಡ್‌ಗೆ ಬರಲು ಅವಕಾಶ ಸಿಕ್ಕಿತು. ಪ್ರವಾಸಿಗರಿಗೆ ಅನುಕೂಲವಾಯಿತು, ಏಜೆಂಟರಿಗೂ ಆಯಿತು. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಡ್ರೈವರೊಬ್ಬ ಹೆಸರಿನ ಚೀಟಿ ಹಿಡಿದು ನಿಂತಿರುತ್ತಾನೆ. ಕಾರು ಹತ್ತಿದ ಮೇಲೆ "ಆಫೀಸು ಸ್ವಲ್ಪ ದೂರ" ಅನ್ನುತ್ತಾನೆ. ಐದು ಗಂಟೆ, ಆರು ಗಂಟೆ ಆಗುತ್ತದೆ. ದಾರಿಯಲ್ಲಿ ಕಾರು ಬದಲಾಗುತ್ತದೆ. ಕತ್ತಲಲ್ಲಿ ಕಬ್ಬಿನ ಗದ್ದೆ ಪಕ್ಕ ಇಳಿಸುತ್ತಾರೆ, ಸಣ್ಣ ದೋಣಿಗೆ ಹತ್ತಿಸುತ್ತಾರೆ. ಆಚೆ ದಡದಲ್ಲಿ ಬಂದೂಕು ಹಿಡಿದವರು ಇರುತ್ತಾರೆ. ತಾನು ದಾಟಿದ್ದು ದೇಶದ ಗಡಿ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮಾರನೇ ದಿನ ಫೋನಿನ ಮ್ಯಾಪ್ ತೆಗೆದಾಗ ಮ್ಯಾನ್ಮಾರ್ ಅಂತ ತೋರಿಸುತ್ತದೆ. ಅಷ್ಟರಲ್ಲಿ ಪಾಸ್‌ಪೋರ್ಟ್ "ವೀಸಾ ಕೆಲಸಕ್ಕೆ" ಅಂತ ಬೇರೆಯವರ ಕೈ ಸೇರಿರುತ್ತದೆ. ಬಿಟ್ಟುಬಿಡಿ ಅಂದರೆ ಲೆಕ್ಕ ತೆಗೆಯುತ್ತಾರೆ. ಟಿಕೆಟ್, ಊಟ, ಏಜೆಂಟ್ ಕಮಿಷನ್ ಎಲ್ಲ ಸೇರಿ ಇಷ್ಟು ಸಾವಿರ ಡಾಲರ್, ಕಟ್ಟಿ ಹೋಗು ಅನ್ನುತ್ತಾರೆ.

ಆ ಮಧ್ಯಾಹ್ನ

2024ರಲ್ಲಿ ಹಾಗೆ ದುಡ್ಡು ಕಟ್ಟಿ ಹೊರಬಂದ ಒಬ್ಬ ಹುಡುಗ ನಮ್ಮ ಬಳಿ ಬಂದ. ಕರ್ನಾಟಕದ ಬಯಲುಸೀಮೆಯವನು. ಅಮ್ಮನ ಒಡವೆ, ಅಪ್ಪನ ಟ್ರ್ಯಾಕ್ಟರ್ ಎರಡೂ ಹೋಗಿದ್ದವು. ಮೊಯಿ ನದಿ ದಾಟಿ ಈಚೆ ಬಂದ ತಕ್ಷಣ ಅವನು ಥಾಯ್ ಕಾನೂನಿನ ಕಣ್ಣಲ್ಲಿ ಅಕ್ರಮವಾಗಿ ನುಸುಳಿದವನು. ಅವನು ಕಳ್ಳಸಾಗಣೆಗೆ ಸಿಕ್ಕವನು ಅಂತ ಅಧಿಕಾರಿಗಳ ತಂಡ ಒಪ್ಪಿದರೆ ದಂಡ ಇಲ್ಲ, ಜೈಲಿಲ್ಲ, ಆಶ್ರಯ ಸಿಗುತ್ತದೆ. ಒಪ್ಪದಿದ್ದರೆ ಕೋರ್ಟಿನಲ್ಲಿ ದಂಡ, ಆಮೇಲೆ ವಲಸೆ ಬಂಧನ ಕೇಂದ್ರ, ಸ್ವಂತ ಟಿಕೆಟ್‌ನಲ್ಲಿ ಗಡೀಪಾರು. ಎರಡರಲ್ಲಿ ಯಾವುದು ಅನ್ನುವುದು ಒಂದು ಮಧ್ಯಾಹ್ನದ ಮಾತುಕತೆಯಲ್ಲಿ ತೀರ್ಮಾನ ಆಗಬೇಕಿತ್ತು.

ಪ್ಲಾಸ್ಟಿಕ್ ಕುರ್ಚಿ, ಗೋಡೆ ಫ್ಯಾನು, ಮೇಜಿನ ಮೇಲೆ ನೀರಿನ ಬಾಟಲಿ. ನಾವು ಕೊಟ್ಟ ಟೀ ಶರ್ಟು ಅವನಿಗೆ ದೊಡ್ಡದಾಗಿತ್ತು. ಅಧಿಕಾರಿ ಒಳ್ಳೆಯ ಮನುಷ್ಯ, ಮೊದಲು ಊಟ ಆಯ್ತಾ ಅಂತ ಕೇಳಿದರು. ಹುಡುಗ ಇಂಗ್ಲಿಷ್‌ನಲ್ಲಿ ಉತ್ತರ ಕೊಡಲು ಶುರು ಮಾಡಿದ. "ಥ್ಯಾಂಕ್ ಯು ಫಾರ್ ಯುವರ್ ಪೇಷನ್ಸ್" ಅಂದ. ತಿಂಗಳುಗಟ್ಟಲೆ ಅವನು ಟೈಪ್ ಮಾಡಿದ್ದ ಭಾಷೆ ಅದು, ಒಂದು ತಪ್ಪಿಲ್ಲ, ಬಹಳ ವಿನಯ. ಹೀಗೆ ಮಾತಾಡುವವನು ಮೋಸ ಹೋಗಿದ್ದಾನೆ ಅಂತ ಯಾರು ನಂಬಬೇಕು? ಕನ್ನಡದಲ್ಲೇ ಹೇಳಪ್ಪ, ನಾನಿದೀನಿ ಅಂದೆ. ಅವನು ನನ್ನ ಕಡೆ ತಿರುಗಿ ಕೂತ.

ಕೆಲಸ ಏನು ಅಂತ ಬರುವಾಗ ಗೊತ್ತಿತ್ತಾ ಎಂದು ಅಧಿಕಾರಿ ಕೇಳಿದರು. ಚಾಟ್ ಮಾಡುವ ಕೆಲಸ ಅಂತ ಗೊತ್ತಿತ್ತು ಅಂದ. ಸಂಬಳ ಬಂತಾ? ಮೊದಲ ಎರಡು ತಿಂಗಳು ಬಂತು. ಹೊಡೆದರಾ? "ನನಗೆ ಹೊಡೆದಿಲ್ಲ. ನನ್ನ ಪಕ್ಕ ಕೂರ್ತಿದ್ದವನಿಗೆ ಕರೆಂಟ್ ಕೊಟ್ರು." ನಾನು ಅನುವಾದಿಸಿದೆ. ಅಧಿಕಾರಿ ಬರೆದುಕೊಂಡರು. ಫಾರಂನಲ್ಲಿ "ಹಲ್ಲೆ ಆಗಿದೆಯೇ" ಅನ್ನುವ ಜಾಗದಲ್ಲಿ ಇಲ್ಲ ಅಂತ ಬಿತ್ತು. ನಾನು ಅನುವಾದಕಿಯಾಗಿ ಏನನ್ನೂ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಆದರೆ ಸಂಸ್ಥೆಯ ಕಡೆಯಿಂದ ಒಂದು ಪ್ರಶ್ನೆ ಸೂಚಿಸಬಹುದು. ಟಾರ್ಗೆಟ್ ಮುಟ್ಟದ ದಿನ ಏನಾಗುತ್ತಿತ್ತು ಅಂತ ಕೇಳಿ ಅಂದೆ. ಕೇಳಿದರು.

"ಬಸ್ಕಿ" ಅಂದ. ಎಷ್ಟು? ಕೆಲವು ದಿನ ಐನೂರು. ಮುಗಿಸದೆ ಬಿದ್ದರೆ ಮೊದಲಿಂದ. ಊಟ ಇಲ್ಲ. ಬಿಸಿಲಲ್ಲಿ ನೀರಿನ ಕ್ಯಾನ್ ಎತ್ತಿ ಹಿಡಿದು ನಿಲ್ಲಿಸುತ್ತಿದ್ದರು. ಹದಿನಾರು ಗಂಟೆ ಕೆಲಸ, ರಜೆ ಇಲ್ಲ. ಇಷ್ಟೆಲ್ಲ ಯಾಕೆ ಮೊದಲೇ ಹೇಳಲಿಲ್ಲ ಅಂದರೆ ಅವನು ನನ್ನನ್ನೇ ಕೇಳಿದ: "ಬಸ್ಕಿ ಹೊಡ್ಸೋದು ಹೊಡ್ತಾನಾ ಅಕ್ಕ? ಸ್ಕೂಲಲ್ಲೂ ಹೊಡ್ಸ್ತಿದ್ರಲ್ಲ."

ಆಮೇಲೆ ಪುಸ್ತಕದ ಮಾತು ಬಂತು. ಅವನಿಗೆ ಒಬ್ಬ ಹೆಂಗಸಿನ ಫೋಟೊಗಳನ್ನು ಕೊಟ್ಟಿದ್ದರು. ಸಿಂಗಪುರದಲ್ಲಿರುವ ಮೂವತ್ನಾಲ್ಕು ವರ್ಷದ ಇಂಟೀರಿಯರ್ ಡಿಸೈನರ್, ಮನೆಯಲ್ಲೊಂದು ನಾಯಿ. ಆ ಹೆಂಗಸಾಗಿ ಇವನು ಅಮೆರಿಕದ ಗಂಡಸರ ಜೊತೆ ಮಾತಾಡಬೇಕು. ಯಾರಿಗೆ ಎಷ್ಟು ಮಕ್ಕಳು, ಯಾರ ಹೆಂಡತಿ ತೀರಿಕೊಂಡಿದ್ದಾರೆ, ಯಾರಿಗೆ ಹೃದಯದ ಆಪರೇಷನ್ ಆಗಿದೆ, ಎಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಸಂಜೆ ಟೀಂ ಲೀಡರ್ ಆ ಪುಸ್ತಕ ನೋಡುತ್ತಿದ್ದ. ಒಬ್ಬ ಮುದುಕನ ಹುಟ್ಟಿದ ದಿನ ಇವನಿಗೆ ಇನ್ನೂ ನೆನಪಿತ್ತು. ಅಧಿಕಾರಿ ಕೇಳದೆಯೇ ಹೇಳಿದ.

ನೀರು ಕುಡಿಯಲು ಎದ್ದಾಗ ಮೆಲ್ಲಗೆ ಕೇಳಿದ. "ಅಕ್ಕ, ಒಂದ್ಸಲ ಒಬ್ಬ ದುಡ್ಡು ಹಾಕ್ದ. ಅಲ್ಲಿ ಡ್ರಮ್ ಬಾರಿಸಿದ್ರು, ನಂಗೆ ಕಮಿಷನ್ ಕೊಟ್ರು. ನಲವತ್ತು ಸಾವಿರ ಮನೆಗೆ ಕಳಿಸ್ದೆ. ಅದನ್ನೂ ಹೇಳ್ಬೇಕಾ?" ಏನು ಹೇಳಬೇಕು ಅಂತ ನಾನು ಕಲಿಸಿಕೊಡುವಂತಿಲ್ಲ. ನೀನು ಹೇಳಿದ್ದನ್ನೆಲ್ಲ ನಾನು ಹಾಗೇ ಅನುವಾದಿಸುತ್ತೇನೆ, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಅಂದೆ. ಅವನು ಹೇಳಿದ. ಡ್ರಮ್ ಬಾರಿಸಿದ್ದು, ನಲವತ್ತು ಸಾವಿರ, ಅಮ್ಮ ಆ ದುಡ್ಡಲ್ಲಿ ಒಂದು ಬಳೆ ಬಿಡಿಸಿಕೊಂಡಿದ್ದು, ಎಲ್ಲ.

ಕೆಲವು ದಿನಗಳ ಮೇಲೆ ತೀರ್ಮಾನ ಬಂತು. ಅವನನ್ನು ಸಂತ್ರಸ್ತ ಎಂದು ಗುರುತಿಸಲು ಆಗುವುದಿಲ್ಲ. ಕೆಲಸದ ಬಗ್ಗೆ ಗೊತ್ತಿತ್ತು, ಹಣ ಪಡೆದಿದ್ದಾನೆ, ದೈಹಿಕ ಹಲ್ಲೆ ಇಲ್ಲ. ನನಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ. ಸುಳ್ಳು ಹೇಳಿದ್ದರೆ ಅವನು ಆಶ್ರಯ ಮನೆಯಲ್ಲಿ ಮಲಗುತ್ತಿದ್ದ. ಇದ್ದದ್ದು ಇದ್ದಂತೆ ಹೇಳಿದ್ದಕ್ಕೆ ಬಂಧನ ಕೇಂದ್ರದ ನೆಲದ ಮೇಲೆ ಮಲಗಿದ.

ಮುಂಗಡ ತಗೊಂಡಿದ್ದಲ್ವಾ?

ಕಾನೂನು ಹೀಗೆ ಹೇಳುವುದಿಲ್ಲ ಅನ್ನುವುದೇ ನನ್ನ ಸಂಕಟ. 2000ದಲ್ಲಿ ವಿಶ್ವಸಂಸ್ಥೆ ಒಪ್ಪಿದ ಪಲೆರ್ಮೊ ಒಡಂಬಡಿಕೆಯಲ್ಲಿ ಕಳ್ಳಸಾಗಣೆಗೆ ಮೂರು ಭಾಗ ಇದೆ. ಒಬ್ಬರನ್ನು ಸೇರಿಸಿಕೊಳ್ಳುವುದು ಅಥವಾ ಸಾಗಿಸುವುದು, ಅದಕ್ಕೆ ಬಲವಂತ ಅಥವಾ ವಂಚನೆಯಂಥ ದಾರಿ ಹಿಡಿಯುವುದು, ಅದರ ಹಿಂದೆ ಶೋಷಣೆಯ ಉದ್ದೇಶ ಇರುವುದು. ವಂಚನೆ ನಡೆದಿದ್ದರೆ ಆ ವ್ಯಕ್ತಿ ಒಪ್ಪಿದ್ದನೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಥಾಯ್ಲೆಂಡ್‌ಗೆ 2008ರಿಂದ ಇದಕ್ಕೆ ಪ್ರತ್ಯೇಕ ಕಾನೂನು ಇದೆ, 2019ರಲ್ಲಿ ಬಲವಂತದ ದುಡಿಮೆಯನ್ನೂ ಅದರಲ್ಲಿ ಬಿಡಿಸಿ ಸೇರಿಸಿದರು. ಭಾರತ ಪಲೆರ್ಮೊ ಒಡಂಬಡಿಕೆಯನ್ನು ಒಪ್ಪಿದ್ದು 2011ರಲ್ಲಿ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ತೆಗೆದು ನೋಡಿ, ಅದಕ್ಕೆ ಮುಂಚೆ ದಂಡ ಸಂಹಿತೆಯ 370ನೇ ಕಲಮು. ಸಂತ್ರಸ್ತರ ಒಪ್ಪಿಗೆ ಇತ್ತು ಅನ್ನುವುದು ಮುಖ್ಯವಲ್ಲ ಅಂತ ವಿವರಣೆಯಲ್ಲೇ ಇದೆ.

ಇದನ್ನೆಲ್ಲ ಊರಿನಲ್ಲಿ ಹೇಳಿದರೆ ಕಾನೂನಿನ ಮಾತು ಅಂತ ಬದಿಗಿಡುತ್ತಾರೆ. ಹಾಗಾಗಿ ನಾನು ಜೀತದ ಮಾತು ತೆಗೆಯುತ್ತೇನೆ. ನಮ್ಮ ಅಜ್ಜಿಯ ಊರಿನಲ್ಲಿ ಜೀತಕ್ಕಿದ್ದವರ ಮನೆಗಳಿದ್ದವು. ಮಗಳ ಮದುವೆಗೋ ಹೆಂಡತಿಯ ಕಾಯಿಲೆಗೋ ಗೌಡರ ಹತ್ತಿರ ದುಡ್ಡು ತಂದು, ಅದು ತೀರುವವರೆಗೆ ದುಡಿಯಲು ಮಗನನ್ನು ಬಿಟ್ಟವರು. ಅವರ ಬಗ್ಗೆಯೂ ಊರವರು ಇದೇ ಮಾತಾಡುತ್ತಿದ್ದರು. ತಾನೇ ಹೋಗಿ ಮುಂಗಡ ತಗೊಂಡಿದ್ದಲ್ವಾ, ಹೆಬ್ಬೆಟ್ಟು ಒತ್ತಿದ್ದು ಅವನೇ ಅಲ್ವಾ? 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಹೆಬ್ಬೆಟ್ಟು ಯಾರದು ಅಂತ ಆ ಕಾಯ್ದೆ ಕೇಳಲಿಲ್ಲ. ಜೀತದ ಸಾಲವೇ ಇಲ್ಲ ಅಂತ ಅಳಿಸಿಹಾಕಿತು.

1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೋಲು ಹಿಡಿದು ದುಡಿಸುವುದಷ್ಟೇ ಬಲವಂತ ಅಲ್ಲ. ಹಸಿವು, ಬಡತನ, ಬೇರೆ ದಾರಿಯಿಲ್ಲದ ಸ್ಥಿತಿ ಕೂಡ ಬಲವಂತವೇ ಅಂತ ಹೇಳಿತು. ಮುಂದಿನ ವರ್ಷ ಕಲ್ಲುಕ್ವಾರಿ ಕಾರ್ಮಿಕರ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಸಾಲ ಇದೆ ಅಂತಲೇ ಭಾವಿಸಬೇಕು, ಇಲ್ಲ ಅಂತ ತೋರಿಸುವ ಹೊಣೆ ಮಾಲೀಕನದು ಅಂತ ಹೇಳಿತು. ಅಂದರೆ ಪ್ರಶ್ನೆ ಕೇಳಬೇಕಾದ್ದು ದುಡಿದವನನ್ನಲ್ಲ, ದುಡಿಸಿದವನನ್ನು. ಇಷ್ಟು ತಿಳಿವಳಿಕೆ ನಮ್ಮದೇ ನೆಲದಲ್ಲಿ ಆಗಲೇ ಇದೆ. ಕಲ್ಲುಕ್ವಾರಿಯ ಜಾಗದಲ್ಲಿ ಎಸಿ ರೂಮು, ಸುತ್ತಿಗೆಯ ಜಾಗದಲ್ಲಿ ಕೀಬೋರ್ಡ್ ಬಂದ ತಕ್ಷಣ ಅದನ್ನು ಮರೆತುಬಿಡುತ್ತೇವೆ. ಇಂಗ್ಲಿಷ್ ಬರುವವನು, ಜೀನ್ಸ್ ಹಾಕಿದವನು, ವಿಮಾನ ಹತ್ತಿ ಹೋದವನು ಜೀತದಾಳು ಹೇಗಾಗುತ್ತಾನೆ ಅನ್ನಿಸುತ್ತದೆ.

ಎಲ್ಲರೂ ಒಂದೇ ಅಲ್ಲ

ಹಾಗಂತ ನದಿ ದಾಟಿ ಬಂದವರೆಲ್ಲ ಅಮಾಯಕರು ಅಂತ ನಾನು ಹೇಳುತ್ತಿಲ್ಲ. ತಿಳಿದೇ ಬಂದವರಿದ್ದಾರೆ. ಒಮ್ಮೆ ಮನೆಗೆ ಹೋಗಿ ಮತ್ತೆ ವಾಪಸ್ ಬಂದವರಿದ್ದಾರೆ. ಟೀಂ ಲೀಡರ್ ಆಗಿ ಬೇರೆಯವರಿಗೆ ಬಸ್ಕಿ ಹೊಡೆಸಿದವರೂ ಇದ್ದಾರೆ. ಇದರಲ್ಲಿ ತುಂಬಾ ಕೆಟ್ಟದ್ದು ಒಂದಿದೆ. "ನಿನ್ನ ಬದಲು ಇಬ್ಬರನ್ನು ಕರೆಸು, ನಿನ್ನನ್ನು ಬಿಡ್ತೀವಿ" ಅಂತ ಒಳಗೆ ಆಸೆ ತೋರಿಸುತ್ತಾರೆ. ಹಾಗೆ ಸ್ವಂತ ಗೆಳೆಯನಿಗೆ "ಒಳ್ಳೆ ಕೆಲಸ ಇದೆ, ಬಾ" ಅಂತ ಮೆಸೇಜ್ ಮಾಡಿದವನು ಸಂತ್ರಸ್ತನೋ ಏಜೆಂಟನೋ? ನಮ್ಮ ಕಚೇರಿಯಲ್ಲೇ ಇದರ ಬಗ್ಗೆ ಜಗಳ ಆಗಿದೆ. ಅವನ ಮೇಲೆ ಕೇಸು ಆಗಲಿ, ಆದರೆ ಅವನ ಮೈಮೇಲಿನ ಗಾಯವನ್ನೂ ಆ ಕಡತದಲ್ಲಿ ಬರೆಯಲಿ ಅನ್ನುವುದು ನನ್ನ ನಿಲುವು. ನನ್ನ ಜೊತೆಯವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ.

ಇದನ್ನೆಲ್ಲ ಬಿಡಿಸಿ ನೋಡಲು ಒಬ್ಬೊಬ್ಬರ ಜೊತೆ ಕೂರಬೇಕು. 2025ರಲ್ಲಿ ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ಆ ವರ್ಷ ಜನವರಿಯಲ್ಲಿ ಚೀನಾದ ನಟರೊಬ್ಬರನ್ನು ಇದೇ ಗಡಿಯಲ್ಲಿ ಸಾಗಿಸಿದ ಸುದ್ದಿ ದೊಡ್ಡದಾಯಿತು. ಫೆಬ್ರವರಿ 5ರಂದು ಥಾಯ್ಲೆಂಡ್ ಆಚೆ ದಡಕ್ಕೆ ಹೋಗುತ್ತಿದ್ದ ಕರೆಂಟು, ಇಂಟರ್ನೆಟ್, ಇಂಧನ ನಿಲ್ಲಿಸಿತು. ಸುಮಾರು 7,000 ಜನ ಹೊರಗೆ ಬಂದು ಮ್ಯಾವಡಿಯ ಶಿಬಿರಗಳಲ್ಲಿ ವಾರಗಟ್ಟಲೆ ಕಾದರು. ಮಾರ್ಚ್ 10 ಮತ್ತು 11ರಂದು ಭಾರತದ ವಾಯುಪಡೆ ವಿಮಾನಗಳು 549 ಜನರನ್ನು ಕರೆದೊಯ್ದವು. ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಕೆಕೆ ಪಾರ್ಕ್‌ಗೆ ನುಗ್ಗಿದಾಗ 1,500ಕ್ಕೂ ಹೆಚ್ಚು ಜನ ನದಿ ದಾಟಿ ಮೇ ಸೋಟ್‌ಗೆ ಓಡಿಬಂದರು. ಕೆಲವರು ಥರ್ಮಾಕೋಲ್ ಡಬ್ಬ ಹಿಡಿದು ತೇಲಿಕೊಂಡು ಬಂದರು. ನವೆಂಬರ್‌ನಲ್ಲಿ ಮತ್ತೆ ವಿಮಾನಗಳು ಬಂದವು, 6ರಂದು 270 ಜನ, 10ರಂದು 197 ಜನ.

ಆ ವಿಮಾನಗಳು ಬಂದಿದ್ದಕ್ಕೆ ನನಗೆ ಸಂತೋಷವೇ. ಸಾಲಾಗಿ ಕೂತಿದ್ದ ಹುಡುಗರು ಭಾರತದ ವಿಮಾನ ಕಂಡಾಗ ಪಟ್ಟ ಸಮಾಧಾನವನ್ನು ಸಣ್ಣದು ಮಾಡಿ ಹೇಳಲಾರೆ. ಆದರೆ ಆ ಸಾಲಿನಲ್ಲಿ ಹೊಡೆಸಿಕೊಂಡವನೂ ಹೊಡೆಸಿದವನೂ ಪಕ್ಕಪಕ್ಕ ಕೂತಿದ್ದರು. ಇಬ್ಬರ ಬೆರಳಚ್ಚೂ ಒಂದೇ ರೀತಿ ತೆಗೆದುಕೊಂಡರು. ತನಗೆ ಕರೆಂಟ್ ಕೊಟ್ಟವನು ಎರಡು ಸಾಲು ಹಿಂದೆ ಕೂತಿದ್ದಾಗ ಯಾರು ತಾನೇ ಬಾಯಿ ಬಿಡುತ್ತಾರೆ?

ಮೇಷ್ಟ್ರು

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ನಾನು ಅವರ ಹತ್ತಿರ ಗಣಿತ ಕಲಿತವಳು. ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಷೇರು ವ್ಯವಹಾರ ಅಂತ ನಂಬಿ ನಿವೃತ್ತಿಯ ದುಡ್ಡಿನಲ್ಲಿ ಮುಕ್ಕಾಲು ಭಾಗ ಕಳೆದುಕೊಂಡರು. ಮಕ್ಕಳಿಗೆ ಹೇಳಲು ನಾಚಿಕೆ, ಹಾಗಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಮೂರು ದಿನ ಆಗಿತ್ತು. ದುಡ್ಡು ಆಗಲೇ ಎಷ್ಟೋ ಖಾತೆಗಳಿಗೆ ಹಂಚಿಹೋಗಿತ್ತು. ನಾನು ರಜೆಗೆ ಹೋದಾಗ ನೋಡಲು ಹೋದೆ. ಕಾಫಿ ಕೊಟ್ಟು, ನನ್ನ ಕೆಲಸದ ಬಗ್ಗೆ ಎಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ನೆ ಕೂತರು.

"ಅವರಿಗೆ ನೀವು ಊಟ ಹಾಕ್ತೀರಾ?" ಅಂದರು. ಹಾಕ್ತೀವಿ ಸಾರ್ ಅಂದೆ. "ಅವನೂ ಒಬ್ಬಳು ತಾಯಿ ಮಗ, ನಂಗೆ ಅರ್ಥ ಆಗತ್ತಮ್ಮ. ಆದ್ರೆ ಎರಡು ತಿಂಗಳು ದಿನಾ ಬೆಳಗ್ಗೆ ನಂಗೆ ಗುಡ್ ಮಾರ್ನಿಂಗ್ ಅಂದನಲ್ಲ. ನಮ್ಮನೆಯವಳ ಬಿಪಿ ಎಷ್ಟಿದೆ ಅಂತ ಕೇಳ್ತಿದ್ದ. ಅಷ್ಟು ಕೇಳೋವಾಗ ಅವನಿಗೆ ನಾನು ಏನಾಗಿ ಕಾಣ್ತಿದ್ದೆ?"

ಆ ನೋಟ್ ಪುಸ್ತಕದ ವಿಷಯ ಹೇಳಿದೆ. ಎಲ್ಲ ಬರೆದಿಡಬೇಕು, ಬರೆಯದಿದ್ದರೆ ಶಿಕ್ಷೆ ಅಂತ. ಹಾಗಾದರೆ ಅವಳ ಬಿಪಿನೂ ಬರೆದಿರ್ತಾರಾ ಅಂತ ಕೇಳಿದರು. ಬರೆದಿರ್ತಾರೆ ಸಾರ್ ಅಂದೆ. ಒಳಗೆ ಮೇಷ್ಟ್ರ ಹೆಂಡತಿ ಪಾತ್ರೆ ಜೋಡಿಸುತ್ತಿದ್ದರು, ಆ ಸದ್ದು ನಿಂತಿತು. ಕೇಳಿಸಿಕೊಂಡರು ಅಂತ ಕಾಣುತ್ತದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಊಟ ಹಾಕಿ. ಬೇಡ ಅನ್ನಲ್ಲ. ನನ್ನ ಬಾಯಲ್ಲಿ ಕ್ಷಮಿಸಿದೆ ಅಂತ ಮಾತ್ರ ಹೇಳಿಸ್ಬೇಡಮ್ಮ" ಅಂದರು.

ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ನೇರವಾದ ಮಾತು ಅದು. ಆ ಹುಡುಗರನ್ನು ಕ್ಷಮಿಸಿ ಅಂತ ನಾನು ಯಾರನ್ನೂ ಕೇಳುತ್ತಿಲ್ಲ. ಕಳೆದುಕೊಂಡವರ ಸಿಟ್ಟು ಅವರದು, ಅದರಲ್ಲಿ ಕೈ ಹಾಕುವ ಹಕ್ಕು ನನಗಿಲ್ಲ. ನಾನು ಕೇಳುವುದು ಬೇರೆ. ಮೇಷ್ಟ್ರ ದುಡ್ಡು ಹೋಗಿ ಸೇರಿದ್ದು ಬಸ್ಕಿ ಹೊಡೆಯುತ್ತಿದ್ದವನ ಕೈಗಲ್ಲ. ಯಾರಿಗೆ ಸೇರಿತು ಅಂತ ಹೇಳಬಲ್ಲ ಸಾಕ್ಷಿ ಆ ಹುಡುಗನೊಬ್ಬನೇ. ಟೀಂ ಲೀಡರ್ ಹೆಸರು, ಖಾತೆ ಬದಲಾಯಿಸುತ್ತಿದ್ದ ಕ್ರಮ, ಊರಿನ ಏಜೆಂಟ್ ಯಾರು, ಕಮಿಷನ್ ಎಲ್ಲಿಗೆ ಬರುತ್ತಿತ್ತು, ಎಲ್ಲ ಅವನಿಗೆ ಗೊತ್ತು. ಅವನನ್ನು ಆರೋಪಿಯ ಹಾಗೆ ಕೂರಿಸಿ "ಗೊತ್ತಿದ್ದೇ ಹೋಗಿದ್ದಾ" ಅಂದ ಕ್ಷಣ ಅವನು ಬಾಯಿ ಮುಚ್ಚುತ್ತಾನೆ. ಅಲ್ಲಿಗೆ ಮೇಷ್ಟ್ರ ಕೇಸೂ ಮುಚ್ಚಿತು. ಇದು ಬರೀ ಕರುಣೆಯ ಮಾತಲ್ಲ, ಮೋಸ ಹೋದವರಿಗೂ ಇದರಿಂದ ನಷ್ಟವೇ.

ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಅಂತ ನನಗನ್ನಿಸುತ್ತದೆ. ಪಾಸ್‌ಪೋರ್ಟ್ ಯಾವತ್ತು ಕಿತ್ತುಕೊಂಡರು? ಗೇಟಿನ ಹೊರಗೆ ಒಬ್ಬನೇ ಹೋಗಬಹುದಿತ್ತಾ? ಮನೆಗೆ ಹೋಗ್ತೀನಿ ಅಂದ ದಿನ ಏನಾಯಿತು? ಇವಕ್ಕೆ ಉತ್ತರ ಸಿಕ್ಕಮೇಲೆ ಬೇಕಾದರೆ ಗೊತ್ತಿತ್ತಾ ಅಂತ ಕೇಳಲಿ. ಬರುವಾಗ ಒಪ್ಪಿ ಬಂದವನು ಮೂರನೇ ದಿನ ಒಪ್ಪದೆ ಹೋಗಬಹುದು. ಮೂರನೇ ದಿನ ಅವನಿಗೆ ಹೊರಬರುವ ಬಾಗಿಲು ಇತ್ತಾ ಅನ್ನುವುದನ್ನು ಮೊದಲು ನೋಡಬೇಕು.

ಈಗ

ಆ ಹುಡುಗ ಊರಿನಲ್ಲಿದ್ದಾನೆ. ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಪ್ಪನ ಸಾಲ ಇನ್ನೂ ತೀರಿಲ್ಲ. ದೂರು ಕೊಡಲು ಹೋದಾಗ ಠಾಣೆಯಲ್ಲಿ ದುಡ್ಡಿನ ವ್ಯವಹಾರ ಅಂತ ಬರೆಯಲು ನೋಡಿದರಂತೆ. ಅವನನ್ನು ಕಳಿಸಿದ ಏಜೆಂಟ್ ಅವನ ಅತ್ತಿಗೆಯ ಕಡೆಯವನು, ಹಾಗಾಗಿ ಮನೆಯಲ್ಲೂ ಸುಮ್ಮನಿರು ಅನ್ನುತ್ತಾರೆ. ಹಬ್ಬಕ್ಕೆ ಅದೇ ಏಜೆಂಟ್ ಮನೆಗೆ ಬಂದು ಊಟ ಮಾಡಿ ಹೋದನಂತೆ.

ಕಳೆದ ತಿಂಗಳು ಅವನೇ ಫೋನ್ ಮಾಡಿದ. ಅದೇ ಏಜೆಂಟ್ ಕಳಿಸಿದ ಇನ್ನಿಬ್ಬರು ಹುಡುಗರನ್ನು ಹುಡುಕಿದ್ದಾನೆ, ಒಬ್ಬ ನವೆಂಬರ್ ವಿಮಾನದಲ್ಲಿ ಬಂದವನು. ಮೂವರ ಹತ್ತಿರವೂ ಏಜೆಂಟಿಗೆ ದುಡ್ಡು ಹಾಕಿದ ಚಲನ್ ಇದೆ. ಟಿಕೆಟ್ ಬುಕ್ ಮಾಡಿದ ನಂಬರ್ ಒಂದೇ. 143ನೇ ಕಲಮಿನ ವಿವರಣೆಯನ್ನು ಪ್ರಿಂಟ್ ತೆಗೆದು ಗುರುತು ಹಾಕಿ ಕೊಡಿ ಅಕ್ಕ ಅಂದ, ಕಳಿಸಿದೆ. ಈ ಸಲ ಠಾಣೆಗೆ ಹೋಗುವುದಿಲ್ಲ, ಮೂವರೂ ಸೇರಿ ನೇರವಾಗಿ ಎಸ್‌ಪಿ ಕಚೇರಿಗೆ ಹೋಗುತ್ತಾರೆ. ಅವರು ಇಲ್ಲಿದ್ದಾಗಿನ ದಿನಾಂಕಗಳು, ನಾವು ಆಗ ಬರೆದುಕೊಂಡ ವಿವರ ಎಲ್ಲ ಸೇರಿಸಿ ಸಂಸ್ಥೆಯ ಕಡೆಯಿಂದ ಒಂದು ಪತ್ರ ತಯಾರು ಮಾಡುತ್ತಿದ್ದೇನೆ. ಸೋಮವಾರದೊಳಗೆ ಅದು ಅವನ ಕೈ ಸೇರಬೇಕು.